ಹಣ ಕೊಟ್ಟರೆ ಋಣ ತೀರಿತೇ?

ಥ್ಯಾಂಕ್ಸ್‌ಗಿವಿಂಗ್ ಮುಗಿದು ರಾಕಿ ಪರ್ವತಗಳ ಮೇಲೆ ಹಿಮ ಚೆನ್ನಾಗಿ ಕೂತಿತೆಂದರೆ ಸಾಕು, ಡೆನ್ವರ್ ಸುತ್ತಮುತ್ತಲಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದೇ ಮಾತು: "ಈ ಸಲ ಸ್ಕೀಯಿಂಗ್‌ಗೆ ಎಲ್ಲಿ? ಯಾರ್ಯಾರು ಬರ್ತಾರೆ? ಮನೆ ಯಾರು ಬುಕ್ ಮಾಡ್ತಾರೆ?" ಈ ಮೂರನೆಯ ಪ್ರಶ್ನೆಯ ಬಗ್ಗೆಯೇ ಈ ಲೇಖನ. ಬ್ರೆಕನ್‌ರಿಜ್, ವೇಲ್, ಸ್ಟೀಮ್‌ಬೋಟ್ ಮುಂತಾದ ಊರುಗಳಿಗೆ ಹೋದಾಗ ನಾವು ಹೋಟೆಲಿನಲ್ಲಿ ಉಳಿಯುವುದು ಕಡಿಮೆ. ಎರಡು ಮೂರು ದಿನಕ್ಕೆ ಯಾರದೋ ಮನೆಯನ್ನೇ ಇಡಿಯಾಗಿ ಬಾಡಿಗೆಗೆ ಹಿಡಿಯುತ್ತೇವೆ. ಫೋನಿನಲ್ಲಿ ಹತ್ತು ಫೋಟೋ ನೋಡಿ, ನಾಲ್ಕು ಸಂಸಾರಗಳ ನಡುವೆ ದುಡ್ಡು ಹಂಚಿಕೊಂಡು, ಕಾರ್ಡ್ ನಂಬರ್ ಒತ್ತಿದರೆ ಕೆಲಸ ಮುಗಿಯಿತು.

ಇದಕ್ಕೆ ಕಾರಣವೂ ಸರಳ. ಸಾಮಾನ್ಯ ಹೋಟೆಲ್ ಕೋಣೆಯಲ್ಲಿ ಒಲೆ ಇಲ್ಲ. ಊರಿನಿಂದ ಬಂದ ಅತ್ತೆ-ಮಾವನಿಗೆ ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ ಬೇಕು. ಮಕ್ಕಳು ಕೈಗವಸು, ಸಾಕ್ಸ್ ಎಲ್ಲ ಒದ್ದೆ ಮಾಡಿಕೊಂಡು ಬಂದಾಗ ಬಿಸಿ ಅನ್ನ-ಸಾರು ಬೇಕು. ಶನಿವಾರ ಒಪ್ಪತ್ತು ಮಾಡುವ ಅಜ್ಜಿಗೆ ಅವಲಕ್ಕಿ ಉಪ್ಪಿಟ್ಟು ಆಗಬೇಕು. ಸ್ಕೀ ಗುಡ್ಡದ ತಪ್ಪಲಿನ ರೆಸ್ಟೋರೆಂಟುಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಫ್ರೆಂಚ್ ಫ್ರೈಸ್ ಇಲ್ಲವೇ ಚೀಸ್ ಪೀಟ್ಸಾ. ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಬಿಸಿಬೇಳೆಬಾತ್ ತಿಂದು, ಅಂತ್ಯಾಕ್ಷರಿ ಆಡಿ, ಮಕ್ಕಳು ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುವ ಸುಖ ಹೋಟೆಲಿನಲ್ಲಿ ಎಲ್ಲಿಂದ ಬರಬೇಕು? ಅಣ್ಣ-ತಮ್ಮಂದಿರು ಸಾವಿರಾರು ಮೈಲಿ ದೂರದಲ್ಲಿರುವಾಗ, ಇಲ್ಲಿ ನಮಗೆ ಸಿಗುವ ಕೂಡುಕುಟುಂಬ ಅದೇ. ಹಾಗಾಗಿ ಇಂಥ ಮನೆಗಳನ್ನು ಬಾಡಿಗೆಗೆ ಹಿಡಿಯುವುದೇ ತಪ್ಪು ಎಂದು ಹೇಳಲು ನಾವು ಹೊರಟಿಲ್ಲ.

ನಾವು ಕೇಳಬೇಕೆಂದಿರುವುದು ಬೇರೆಯೇ ಪ್ರಶ್ನೆ. ಕೇಳಿದಷ್ಟು ಹಣ ಕೊಟ್ಟು, ಪಾತ್ರೆ ತೊಳೆದಿಟ್ಟು, ಹೇಳಿದ ಹೊತ್ತಿಗೆ ಮನೆ ಖಾಲಿ ಮಾಡಿ ಬಂದರೆ, ಆ ಊರಿಗೂ ನಮಗೂ ಇದ್ದ ಲೆಕ್ಕ ಚುಕ್ತಾ ಆಯಿತೇ? ಅತಿಥಿಯಾದವನಿಗೆ ಬಿಲ್ ಕಟ್ಟುವುದರ ಆಚೆಗೂ ಒಂದು ಧರ್ಮ ಇದೆಯೇ?

ಮೊದಲು ಈ ವ್ಯವಹಾರ ಬೆಳೆದುಬಂದ ಬಗೆಯನ್ನು ಸ್ವಲ್ಪ ನೋಡೋಣ. ರಜೆಯ ಮನೆಗಳನ್ನು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಕೊಡುವ ಪದ್ಧತಿಯ ಒಂದು ಬೇರು ನಮ್ಮ ಕೊಲರಾಡೋದಲ್ಲೇ ಇದೆ. 1995ರಲ್ಲಿ ಡೇವಿಡ್ ಕ್ಲೌಸ್ ಎಂಬುವರು ಬ್ರೆಕನ್‌ರಿಜ್‌ನಲ್ಲಿದ್ದ ತಮ್ಮ ಕಾಂಡೋವನ್ನು ಬಾಡಿಗೆಗೆ ಕೊಡಲು ಒಂದು ವೆಬ್‌ಸೈಟ್ ಮಾಡಿದರು. ಅದೇ ಮುಂದೆ ವಿಆರ್‌ಬಿಓ ಆಯಿತು. ಏರ್‌ಬಿಎನ್‌ಬಿ ಕತೆ ಇನ್ನೂ ಸ್ವಾರಸ್ಯಕರ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆ ಬಾಡಿಗೆ ಕಟ್ಟಲು ಒದ್ದಾಡುತ್ತಿದ್ದ ಇಬ್ಬರು ಯುವಕರು, ಬ್ರಯನ್ ಚೆಸ್ಕಿ ಮತ್ತು ಜೋ ಗೆಬಿಯಾ, ಊರಿನಲ್ಲಿ ಒಂದು ಸಮ್ಮೇಳನ ನಡೆದಾಗ ತಮ್ಮ ಮನೆಯ ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ ಹಾಕಿ ಅತಿಥಿಗಳನ್ನು ಇಟ್ಟುಕೊಂಡರು. 2008ರಲ್ಲಿ ಅದು ಕಂಪನಿಯಾಯಿತು. ಗಮನಿಸಿ: ಬಾಡಿಗೆ ಕಟ್ಟಲಾಗದವರು ಮನೆ ಉಳಿಸಿಕೊಳ್ಳಲು ಕಂಡುಕೊಂಡ ಉಪಾಯವದು. ಮನೆಯವರು ಮನೆಯಲ್ಲೇ ಇದ್ದರು, ಬಂದವರು ಪಕ್ಕದ ಕೋಣೆಯಲ್ಲಿ ಮಲಗಿದರು. ನಮ್ಮ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳನ್ನು ನೆನೆಸಿಕೊಳ್ಳಿ. ಮನೆಯವರು ಅಲ್ಲೇ ಇದ್ದು, ಅವರೇ ಅಕ್ಕಿರೊಟ್ಟಿ ಮಾಡಿ ಬಡಿಸಿ, ಸಂಜೆ ತೋಟದಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುವ ಮನೆಗಳೂ ಅದೇ ಜಾತಿಯವು.

ಆದರೆ ಇಂದು ಸ್ಕೀ ಊರುಗಳಲ್ಲಿ ನಾವು ಹಿಡಿಯುವ ಮನೆಗಳಲ್ಲಿ ಮನೆಯವರು ಎಂಬುವರು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಬಾಗಿಲಿಗೆ ನಂಬರ್ ಒತ್ತುವ ಬೀಗ. ಒಡೆಯರು ಟೆಕ್ಸಾಸ್‌ನಲ್ಲೋ ಡೆನ್ವರಿನಲ್ಲೋ ಇರುತ್ತಾರೆ. ನೋಡಿಕೊಳ್ಳುವುದು ಒಂದು ಕಂಪನಿ, ಗುಡಿಸಿ ಒರೆಸುವುದು ಇನ್ನೊಬ್ಬರು. ಬೆಳಿಗ್ಗೆ ಹತ್ತಕ್ಕೆ ಒಂದು ತಂಡ ಹೊರಗೆ, ಸಂಜೆ ನಾಲ್ಕಕ್ಕೆ ಇನ್ನೊಂದು ತಂಡ ಒಳಗೆ. ಹೆಸರು ಮಾತ್ರ ಮನೆ, ನಡೆಯುವುದು ಹೋಟೆಲ್ ವ್ಯಾಪಾರ.

"ನಡೆಯಲಿ ಬಿಡಿ, ಅದರಿಂದ ಯಾರಿಗೇನು ತೊಂದರೆ?" ಎಂದು ಕೇಳಬಹುದು. ತೊಂದರೆ ಅರ್ಥವಾಗಬೇಕಾದರೆ ಈ ಊರುಗಳ ಭೂಗೋಳ ಸ್ವಲ್ಪ ತಿಳಿಯಬೇಕು. ಬ್ರೆಕನ್‌ರಿಜ್ ಇರುವ ಸಮಿಟ್ ಕೌಂಟಿಯಲ್ಲಿ ಸುಮಾರು ಶೇ. 80ರಷ್ಟು ನೆಲ ಸಾರ್ವಜನಿಕ ಭೂಮಿ, ಬಹುಪಾಲು ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್. ಉಳಿದದ್ದರಲ್ಲಿ ಕಡಿದಾದ ಗುಡ್ಡ, ಹೊಳೆಯ ದಂಡೆ ಕಳೆದರೆ ಮನೆ ಕಟ್ಟಲು ಸಿಗುವುದು ಕಣಿವೆಯ ಒಂದು ಕಿರಿದಾದ ಪಟ್ಟಿ. ನಮ್ಮ ಅರೋರಾ, ಪಾರ್ಕರ್ ಕಡೆ ಮಾಡಿದ ಹಾಗೆ ಊರಾಚೆ ಇನ್ನೊಂದು ಬಡಾವಣೆ ಎಬ್ಬಿಸಲು ಜಾಗವಿಲ್ಲ. ಇರುವ ಮನೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ವರ್ಷವಿಡೀ ವಾಸ ಮಾಡುವವರ ಕೈಯಲ್ಲಿಲ್ಲ. ಇಂಥ ಕಡೆ ಒಂದು ಮನೆ ರಾತ್ರಿಗೆ ಇಷ್ಟು ಎಂಬ ಲೆಕ್ಕಕ್ಕೆ ಹೋದರೆ, ತಿಂಗಳಿಗೆ ಇಷ್ಟು ಎಂದು ಬಾಡಿಗೆ ಕೊಡಬಲ್ಲವರ ಪಾಲಿಗೆ ಒಂದು ಮನೆ ಕಡಿಮೆಯಾಯಿತು. ಕ್ರಿಸ್‌ಮಸ್ ವಾರದಲ್ಲಿ ನಾಲ್ಕು ಸಂಸಾರ ಸೇರಿ ಮೂರು ರಾತ್ರಿಗೆ ಕೊಡುವ ಮೊತ್ತದ ಮುಂದೆ ಲಿಫ್ಟಿನಲ್ಲಿ ಕೆಲಸ ಮಾಡುವ ಹುಡುಗನ ತಿಂಗಳ ಸಂಬಳ ಎಷ್ಟರದು?

ಮಗಳಿಗೆ ಸ್ಕೀಯಿಂಗ್ ಹೇಳಿಕೊಟ್ಟ ಒಬ್ಬ ತರುಣಿಯ ಜೊತೆ ಒಮ್ಮೆ ಲಿಫ್ಟಿನಲ್ಲಿ ಕೂತು ಮಾತಾಡುವ ಅವಕಾಶ ನಮಗೆ ಸಿಕ್ಕಿತು. ಆಕೆ ವಾಸವಿರುವುದು ಫೇರ್‌ಪ್ಲೇಯಲ್ಲಂತೆ. ದಿನಾ ಬೆಳಿಗ್ಗೆ ಸುಮಾರು 11,500 ಅಡಿ ಎತ್ತರದ ಹೂಸಿಯರ್ ಪಾಸ್ ಹತ್ತಿಳಿದು ಕೆಲಸಕ್ಕೆ ಬರಬೇಕು. ಹಿಮ ಜೋರಾಗಿ ಬಿದ್ದ ದಿನವೇ ನಮಗೆಲ್ಲ ಸಂಭ್ರಮ, ಅದೇ ದಿನ ಆಕೆಗೆ ರಸ್ತೆಯ ಭಯ. "ಬ್ರೆಕನ್‌ರಿಜ್‌ನಲ್ಲೇ ಮನೆ ಸಿಗಲಿಲ್ಲವೇ?" ಎಂದು ಕೇಳಿದೆವು. ಮೊದಲು ಇಬ್ಬರು ಗೆಳತಿಯರ ಜೊತೆ ಒಂದು ಮನೆಯಲ್ಲಿದ್ದಳಂತೆ. ಅದನ್ನು ಮಾರಿದರು, ಕೊಂಡವರು ಪ್ರವಾಸಿಗರಿಗೆ ಕೊಡತೊಡಗಿದರು. ಆಕೆ ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದಳು. ಆಕೆಗೆ ಕಾರು, ಫೇರ್‌ಪ್ಲೇಯಲ್ಲಿ ಒಂದು ಕೋಣೆ ಆದರೂ ಇತ್ತು. ಸಮಿಟ್ ಕೌಂಟಿಯಲ್ಲಿ ದುಡಿಯುವ ಕೆಲವರು ಕಾರಿನಲ್ಲೇ ರಾತ್ರಿ ಕಳೆಯುತ್ತಾರೆ. ಅಂಥವರಿಗೆಂದೇ ಅಲ್ಲಿ ಸುರಕ್ಷಿತ ಪಾರ್ಕಿಂಗ್ ಜಾಗದ ವ್ಯವಸ್ಥೆ ಮಾಡಬೇಕಾಗಿ ಬಂದದ್ದುಂಟು. ಚಳಿಗಾಲದಲ್ಲಿ ಜೆ-1 ವೀಸಾದ ಮೇಲೆ ಪೆರು, ಅರ್ಜೆಂಟೀನಾ ಮುಂತಾದ ದೇಶಗಳಿಂದ ಕೆಲಸಕ್ಕೆ ಬರುವ ವಿದ್ಯಾರ್ಥಿಗಳಿಗೂ ಮೊದಲ ಚಿಂತೆ ತಲೆಯ ಮೇಲೊಂದು ಸೂರು. ಎರಡು ಸೂಟ್‌ಕೇಸ್ ಹಿಡಿದು, ಕ್ರೆಡಿಟ್ ಹಿಸ್ಟರಿ ಇಲ್ಲದೆ, ನಾಲ್ಕು ಜನ ಒಂದು ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಹೂಡಿದ ದಿನಗಳನ್ನು ಕಂಡ ನಮಗೆ ಆ ಚಿಂತೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಧರ್ಮದ ಮಾತಿಗೆ ಬರೋಣ. ಅತಿಥಿಯನ್ನು ದೇವರಂತೆ ಕಾಣಬೇಕೆಂದು ತೈತ್ತಿರೀಯ ಉಪನಿಷತ್ತು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಕಠೋಪನಿಷತ್ತಿನಲ್ಲಿ ನಚಿಕೇತ ಮೂರು ರಾತ್ರಿ ಉಪವಾಸ ಬಾಗಿಲಲ್ಲಿ ಕಾದದ್ದಕ್ಕೆ ಯಮನೇ ಕಳವಳಪಟ್ಟು ಮೂರು ವರ ಕೊಟ್ಟ. ಇವೆಲ್ಲ ಮನೆಯೊಡೆಯನ ಧರ್ಮ. ಅತಿಥಿಯ ಧರ್ಮದ ಬಗ್ಗೆ ನಾವು ಮಾತಾಡುವುದು ಕಡಿಮೆ. ಬಹುಶಃ ಅದಕ್ಕೆ ಅಗತ್ಯವೂ ಇರಲಿಲ್ಲ. ಅತಿಥಿ ಎಂದರೆ ತಿಥಿ ಗೊತ್ತಿಲ್ಲದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತಾರೆ. ಅವನ ಕೈಯಲ್ಲಿ ಏನೂ ಇಲ್ಲ, ದಣಿದಿದ್ದಾನೆ, ಹಸಿದಿದ್ದಾನೆ. ಮೂರು ತಿಂಗಳ ಮೊದಲೇ ತಿಥಿ, ವೇಳೆ ಗೊತ್ತುಮಾಡಿ, ಮುಂಗಡ ಕೊಟ್ಟು, ಹಾಟ್ ಟಬ್ ಇದೆಯೇ ಎಂದು ವಿಚಾರಿಸಿ ಹೋಗುವ ನಾವು ಆ ಅರ್ಥದ ಅತಿಥಿಗಳಲ್ಲ. ಇಲ್ಲಿ ಬಲ ಇರುವುದು ಬಂದವನ ಜೇಬಿನಲ್ಲಿ. ಬಲ ಎಲ್ಲಿದೆಯೋ ಹೊಣೆಯೂ ಅಲ್ಲಿರಬೇಕು ಎಂಬುದು ನಮ್ಮ ತಿಳುವಳಿಕೆ.

ಇನ್ನೊಂದು ಹಳೆಯ ವಿಚಾರ ಇಲ್ಲಿ ನೆನಪಾಗುತ್ತದೆ. ಮನುಷ್ಯ ಹುಟ್ಟುವಾಗಲೇ ಋಣ ಹೊತ್ತು ಬರುತ್ತಾನೆ ಎಂದು ಶತಪಥ ಬ್ರಾಹ್ಮಣ ಹೇಳುತ್ತದೆ. ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಅಲ್ಲಿ ನಾಲ್ಕನೆಯದಾಗಿ ಮನುಷ್ಯಋಣವೂ ಬರುತ್ತದೆ. ಪೂಜೆ, ಅಧ್ಯಯನ, ಸಂತಾನಗಳಿಂದ ಮೊದಲ ಮೂರು ತೀರುತ್ತವೆ. ಮನುಷ್ಯಋಣ ತೀರಿಸುವ ಬಗೆಯೇನು? ಇತರರಿಗೆ ಉಳಿಯಲು ಜಾಗ ಕೊಡುವುದು, ಅನ್ನ ಕೊಡುವುದು. ಮನುಷ್ಯ ಮನುಷ್ಯನಿಗೆ ಸಲ್ಲಿಸಬೇಕಾದ ಮೊದಲ ಸಾಲ ಸೂರು ಮತ್ತು ಅನ್ನ ಎಂದು ಅಷ್ಟು ಹಿಂದೆಯೇ ಕಂಡುಕೊಂಡಿದ್ದರಲ್ಲ, ಅದು ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮನೆ ಬಾಡಿಗೆಗೆ ಹಿಡಿದಾಗ ನಾವು ಒಡೆಯರಿಗೆ ಬೆಲೆ ಕೊಟ್ಟೆವು, ಸರಿ. ಆದರೆ ನಮ್ಮ ಮಗುವಿಗೆ ಸ್ಕೀ ಹೇಳಿಕೊಟ್ಟವರು, ನಾವು ಏಳುವ ಮೊದಲೇ ರಸ್ತೆಯ ಹಿಮ ಸರಿಸಿದವರು, ನಾವು ಮಲಗಿದ ಹಾಸಿಗೆಯ ಹೊದಿಕೆ ಬದಲಿಸಿದವರು, ಬಿದ್ದರೆ ಹೊತ್ತುತರುವ ಸ್ಕೀ ಪೆಟ್ರೋಲ್‌ನವರು, ಇವರಿಗೆಲ್ಲ ಅದೇ ಊರಿನಲ್ಲಿ ಸೂರು ಸಿಗದಂತಾಗುವುದರಲ್ಲಿ ನಮ್ಮ ಬುಕಿಂಗಿನದೂ ಒಂದು ಪಾಲಿದ್ದರೆ, ಆ ಬಾಬ್ತು ಯಾವ ರಸೀತಿಯಲ್ಲೂ ಬರುವುದಿಲ್ಲ. ಬೆಲೆ ತೀರಿತು, ಋಣ ಉಳಿಯಿತು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಅವು ಬಲವಾಗಿಯೇ ಇವೆ.

ಮೊದಲನೆಯದು: "ಪ್ರವಾಸಿಗರಿಲ್ಲದಿದ್ದರೆ ಈ ಊರುಗಳೇ ಇರುತ್ತಿರಲಿಲ್ಲ." ಇದು ನಿಜ. ಬ್ರೆಕನ್‌ರಿಜ್ 1859ರಲ್ಲಿ ಚಿನ್ನದ ಆಸೆಗೆ ಹುಟ್ಟಿದ ಊರು. ಗಣಿ ಬತ್ತಿದ ಮೇಲೆ ಸೊರಗಿ ಹೋಗಿತ್ತು. 1961ರಲ್ಲಿ ಸ್ಕೀ ಗುಡ್ಡ ತೆರೆದ ಮೇಲೆ ಮತ್ತೆ ಜೀವ ಬಂತು. ಈಗಲೂ ಅಲ್ಲಿನ ಅಂಗಡಿ, ಶಾಲೆ, ಬಸ್ಸು ಎಲ್ಲ ನಡೆಯುವುದು ಬಂದು ಹೋಗುವವರ ದುಡ್ಡಿನಿಂದ. ಆದ್ದರಿಂದ ಹೋಗದೇ ಇರುವುದು ಪರಿಹಾರವಲ್ಲ. ಆದರೆ ಬೀಡಾಡಿ ದನ ಹೊಲಕ್ಕೆ ಗೊಬ್ಬರವನ್ನೂ ಹಾಕುತ್ತದೆ, ಪೈರನ್ನೂ ತಿನ್ನುತ್ತದೆ. ಗೊಬ್ಬರ ಹಾಕಿತೆಂಬ ಕಾರಣಕ್ಕೆ ಬೇಲಿ ಬೇಡ ಎನ್ನುವ ರೈತನಿಲ್ಲ.

ಎರಡನೆಯದು: "ನಾವು ಬಾಡಿಗೆಗೆ ಹಿಡಿಯದಿದ್ದರೆ ಆ ಮನೆ ಬೀಗ ಹಾಕಿಕೊಂಡು ಖಾಲಿ ಇರುತ್ತಿತ್ತೇ ಹೊರತು ಕೆಲಸದವರಿಗೆ ಸಿಗುತ್ತಿರಲಿಲ್ಲ." ಇದೂ ಕೆಲವು ಮನೆಗಳ ವಿಷಯದಲ್ಲಿ ನಿಜ. ಗುಡ್ಡದ ಬುಡದಲ್ಲಿ ರಜೆಗೆಂದೇ ಕಟ್ಟಿದ ಕಾಂಡೋಗಳು, ಲಕ್ಷಗಟ್ಟಲೆ ಡಾಲರಿನ ಬಂಗಲೆಗಳು ಸ್ಕೀ ಶಿಕ್ಷಕಿಯ ಕೈಗೆ ಹೇಗೂ ಎಟುಕುವುದಿಲ್ಲ. ಆದರೆ ಊರೊಳಗಿನ ಬೀದಿಯಲ್ಲಿರುವ, ಶಾಲಾ ಬಸ್ಸು ನಿಲ್ಲುವ, ಮೂರು ಕೋಣೆಯ ಸಾದಾ ಮನೆಯ ವಿಷಯ ಹಾಗಲ್ಲ. ನಿನ್ನೆಯವರೆಗೆ ಅದರಲ್ಲಿ ಒಬ್ಬ ಮೇಷ್ಟರೋ ನರ್ಸೋ ಇದ್ದರು. ಹೀಗೆ ಮನೆ ಮನೆಗೂ ವ್ಯತ್ಯಾಸವಿದೆ ಎಂಬುದೇ ಈ ಆಕ್ಷೇಪಣೆಯಿಂದ ನಾವು ಕಲಿಯುವ ಪಾಠ. ಎಲ್ಲ ಬುಕಿಂಗೂ ಒಂದೇ ಅಲ್ಲ, ಆಯ್ಕೆಗೆ ಬೆಲೆಯಿದೆ.

ಮೂರನೆಯದು: "ಒಂದು ಸಂಸಾರ ಎರಡು ರಾತ್ರಿ ಉಳಿದದ್ದರಿಂದ ಏನಾಗಿಬಿಡುತ್ತದೆ?" ಸಾಫ್ಟ್‌ವೇರ್ ಬರೆಯುವ ನಮ್ಮಂಥವರಿಗೆ ಈ ವಾದದ ದೋಷ ಬೇಗ ಕಾಣಬೇಕು. ನಮ್ಮ ಲ್ಯಾಪ್‌ಟಾಪಿನಲ್ಲಿ ಒಬ್ಬನೇ ಬಳಕೆದಾರನಿದ್ದಾಗ ಸಲೀಸಾಗಿ ಓಡುವ ಪ್ರೋಗ್ರಾಮು, ಹತ್ತು ಸಾವಿರ ಜನ ಒಮ್ಮೆಗೇ ಬಂದಾಗ ಸರ್ವರನ್ನೇ ಮಲಗಿಸುತ್ತದೆ. ಆಗ ಯಾವ ಒಬ್ಬ ಬಳಕೆದಾರನನ್ನೂ ಬೆರಳು ಮಾಡಿ ತೋರಿಸಲಾಗುವುದಿಲ್ಲ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯಕ್ಕೆ ಮಾತ್ರ ಬಳಸುತ್ತೇವೆ. ಹಾನಿಗೂ ಅದು ಅಷ್ಟೇ ಸಲ್ಲುತ್ತದೆ.

ನಾಲ್ಕನೆಯದು: "ಇದು ಸರ್ಕಾರದ ಕೆಲಸ. ಕಾನೂನು ಮಾಡಲಿ, ಪಾಲಿಸುತ್ತೇವೆ." ಊರುಗಳು ಸುಮ್ಮನೆ ಕೂತಿಲ್ಲ ಎಂಬುದನ್ನು ಮೊದಲು ಹೇಳಬೇಕು. 2021ರ ಜೂನ್‌ನಲ್ಲಿ ಕ್ರೆಸ್ಟೆಡ್ ಬ್ಯೂಟ್ ಪಟ್ಟಣ ಮನೆಗಳ ಕೊರತೆಗಾಗಿ ತುರ್ತುಪರಿಸ್ಥಿತಿಯನ್ನೇ ಘೋಷಿಸಿತು. ಕೆಲಸದವರಿಗೆ ಇರಲು ಜಾಗವಿಲ್ಲದೆ ಅಲ್ಲಿನ ರೆಸ್ಟೋರೆಂಟುಗಳು ತೆರೆದಿರುವ ದಿನಗಳನ್ನೇ ಕಡಿಮೆ ಮಾಡಬೇಕಾಗಿ ಬಂದಿತ್ತು. ಅದೇ ವರ್ಷ ಬ್ರೆಕನ್‌ರಿಜ್ ಪಟ್ಟಣ ಇಂಥ ಬಾಡಿಗೆಗೆ ಕೊಡುವ ಪರವಾನಗಿಗಳಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟು, 2,200ರ ಮಿತಿ ಹಾಕಿತು. 2022ರ ನವೆಂಬರ್‌ನಲ್ಲಿ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನ ಮತದಾರರು ಈ ಬಾಡಿಗೆಗಳ ಮೇಲೆ ಶೇ. 9ರ ಹೆಚ್ಚುವರಿ ತೆರಿಗೆ ಹಾಕಿ, ಆ ಹಣ ಕೈಗೆಟುಕುವ ಮನೆಗಳಿಗೆ ಹೋಗಬೇಕೆಂದು ತೀರ್ಮಾನಿಸಿದರು.

ಆದರೆ ಕಾನೂನಿನ ದಾರಿ ನೇರವಾಗಿಲ್ಲ. ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋ ಊರಿನ ಕತೆ ನೋಡಿ. 2018ರ ನವೆಂಬರ್‌ನಲ್ಲಿ, ಪ್ರವಾಸಿ ವಲಯ ಬಿಟ್ಟು ಜನವಸತಿಯ ಬೀದಿಗಳಲ್ಲಿ ರಜೆ ಮನೆಗಳು ಬೇಡ ಎಂಬ ಪ್ರಸ್ತಾಪ ಕೇವಲ 58 ಮತಗಳಿಂದ ಗೆದ್ದಿತು. ಅಂದರೆ ಊರು ಸರಿಯಾಗಿ ಎರಡು ಹೋಳಾಗಿತ್ತು. 2021ರ ಕೊನೆಗೆ ಅದು ಪೂರ್ತಿ ಜಾರಿಗೆ ಬಂತು. ಅಲ್ಲೇ ಖಾಯಂ ವಾಸವಿರುವವರಿಗೆ ಮಾತ್ರ ವಿನಾಯಿತಿ ಕೊಟ್ಟದ್ದೇ ತೊಡಕಾಗಿ, 2025ರಲ್ಲಿ ನ್ಯಾಯಾಲಯ ಅದು ಸಂವಿಧಾನಕ್ಕೆ ವಿರುದ್ಧವೆಂದಿತು. ಇತ್ತ ಸ್ಟೀಮ್‌ಬೋಟಿನಲ್ಲಿ ದುಡಿಯುವವರಿಗಾಗಿ 2,000ಕ್ಕೂ ಹೆಚ್ಚು ಮನೆ ಕಟ್ಟುವ ಬ್ರೌನ್ ರ‍್ಯಾಂಚ್ ಯೋಜನೆಯ ನೆಲವನ್ನು ಊರಿಗೆ ಸೇರಿಸಿಕೊಳ್ಳುವ ಪ್ರಶ್ನೆ ಬಂದಾಗ, 2024ರ ಮಾರ್ಚ್‌ನಲ್ಲಿ ಅದೇ ಊರಿನ ಮತದಾರರು ಬೇಡವೆಂದರು. ಅಂದಮೇಲೆ ಎಲ್ಲ ತಪ್ಪನ್ನೂ ಪ್ರವಾಸಿಗರ ತಲೆಗೆ ಕಟ್ಟುವುದು ಅನ್ಯಾಯ. ಸ್ಥಳೀಯರೂ ತಮ್ಮ ನೋಟ, ತಮ್ಮ ಟ್ರಾಫಿಕ್ ನೋಡಿಕೊಂಡಿದ್ದಾರೆ. ಆದರೆ ಪಕ್ಕದವನು ಕರ್ತವ್ಯ ಮಾಡಲಿಲ್ಲ ಎಂಬುದರಿಂದ ನಮ್ಮ ಕರ್ತವ್ಯ ತಪ್ಪುವುದಿಲ್ಲ. ಕಾನೂನು ಎಂಬುದು ಕನಿಷ್ಠ ಗೆರೆ. ಧರ್ಮದ ಕೆಲಸ ಆ ಗೆರೆ ದಾಟಿದ ಮೇಲೆಯೇ ಶುರುವಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ನಾವು ನಮ್ಮ ಮಟ್ಟಿಗೆ ಪಾಲಿಸಬಹುದೆಂದು ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ. ಓದುಗರು ತಮ್ಮ ಅನುಭವ ಸೇರಿಸಲಿ.

ಮನೆ ಹುಡುಕುವಾಗ ಮೊದಲು ಅದು ಎಲ್ಲಿದೆ ಎಂದು ನೋಡೋಣ. ಲಿಫ್ಟಿನ ಬುಡದಲ್ಲಿ, ಪ್ರವಾಸಿಗರಿಗೆಂದೇ ಕಟ್ಟಿದ ಕಾಂಡೋ ಅಥವಾ ಲಾಡ್ಜ್‌ಗಳಲ್ಲಿ ಅಡಿಗೆಮನೆ ಇರುವಂಥವೂ ಬೇಕಾದಷ್ಟಿವೆ. ನಾಲ್ಕು ಸಂಸಾರ ಒಂದೇ ಛಾವಣಿ ಕೆಳಗೆ ಇರಲಾಗದಿದ್ದರೂ ಅಕ್ಕಪಕ್ಕದ ಎರಡು ಕಾಂಡೋ ಹಿಡಿದರೆ ಬಿಸಿಬೇಳೆಬಾತ್ ರುಚಿಯೇನೂ ಕೆಡುವುದಿಲ್ಲ. ಇನ್ನೂ ಒಳ್ಳೆಯದು, ಮನೆಯವರು ಅಲ್ಲೇ ಇದ್ದು, ಕೆಳಗಿನ ಭಾಗವನ್ನೋ ಒಂದು ಕೋಣೆಯನ್ನೋ ಕೊಡುವ ಮನೆ. ಆ ಹಣ ಅವರು ಅದೇ ಊರಿನಲ್ಲಿ ಉಳಿಯಲು ನೆರವಾಗುತ್ತದೆ. ಗಾಳಿ ಹಾಸಿಗೆಯ ಮೂಲ ಉದ್ದೇಶವೂ ಅದೇ ತಾನೇ?

ಎರಡನೆಯದಾಗಿ, ಜಾಹೀರಾತಿನಲ್ಲಿ ಪಟ್ಟಣದ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡೋಣ. "ಸೈಟಿನ ಮೂಲಕ ಬೇಡ, ನೇರವಾಗಿ ನಮಗೇ ಹಣ ಕಳಿಸಿ, ಟ್ಯಾಕ್ಸ್ ಉಳಿಯುತ್ತೆ" ಎನ್ನುವವರಿಗೆ ಕೈ ಮುಗಿಯೋಣ. ಆ ತೆರಿಗೆಯಲ್ಲೇ ಕೆಲವು ಊರುಗಳು ದುಡಿಯುವವರ ಮನೆ ಕಟ್ಟುವುದು. ರಸೀತಿಯಲ್ಲಿ ಋಣದ ಬಾಬ್ತು ಎಂದು ಒಂದು ಸಾಲು ಇರುವುದಾದರೆ ಅದು ಆ ತೆರಿಗೆಯ ಸಾಲೇ.

ಮೂರನೆಯದಾಗಿ, ಎಂಟು ಜನರ ಮನೆಗೆ ಎಂಟೇ ಜನ. "ಮಕ್ಕಳು ಲೆಕ್ಕಕ್ಕಿಲ್ಲ, ನೆಲದ ಮೇಲೆ ಮಲಗ್ತಾರೆ" ಎಂಬ ನಮ್ಮ ಊರಿನ ಮದುವೆಮನೆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜನರ ಮಿತಿ ಹಾಕಿರುವುದು ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ಬರಲೆಂದು, ಬೀದಿಯಲ್ಲಿ ಅಡ್ಡಾದಿಡ್ಡಿ ಕಾರು ನಿಂತು ಹಿಮ ಸರಿಸುವ ಗಾಡಿಗೆ ದಾರಿ ತಪ್ಪದಿರಲೆಂದು. ರಾತ್ರಿ ಹತ್ತರ ಮೇಲೆ ಅಂತ್ಯಾಕ್ಷರಿ ಕಿಟಕಿ ಮುಚ್ಚಿಕೊಂಡೇ ನಡೆಯಲಿ. ಪಕ್ಕದ ಮನೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕೆಲಸಕ್ಕೆ ಹೋಗುವವರು ಇರಬಹುದು.

ನಾಲ್ಕನೆಯದು ಸಣ್ಣದೆನಿಸಿದರೂ ನಮಗೇ ವಿಶೇಷವಾಗಿ ಸಲ್ಲುವಂಥದ್ದು. ಹತ್ತು ಗಂಟೆಗೂ ನಾಲ್ಕು ಗಂಟೆಗೂ ನಡುವೆ ಆರೇ ತಾಸು. ಅಷ್ಟರಲ್ಲಿ ಶುಚಿ ಮಾಡುವವರು ಒಂದಲ್ಲ, ಹಲವು ಮನೆ ಮುಗಿಸಬೇಕಾಗಿರುತ್ತದೆ. ಬಿಳಿ ಟವೆಲಿನ ಮೇಲೆ ಅರಿಶಿನದ ಕಲೆ, ಒಲೆಯ ಸುತ್ತ ಒಗ್ಗರಣೆಯ ಎಣ್ಣೆ, ಸಿಂಕಿನಲ್ಲಿ ಕರಿಬೇವು, ಇವು ಅವರ ಪಾಲಿಗೆ ಇನ್ನೊಂದು ಅರ್ಧ ಗಂಟೆ. ಮನೆಯಿಂದ ಎರಡು ಹಳೆಯ ಬಟ್ಟೆ ಒಯ್ದರೆ, ಹೊರಡುವ ಮುನ್ನ ಒಲೆ ಒರೆಸಿದರೆ, ಕ್ಲೀನಿಂಗ್ ಫೀ ಕಟ್ಟಿದ್ದರೂ ಮೇಜಿನ ಮೇಲೆ ಒಂದು ಕವರಿನಲ್ಲಿ ಟಿಪ್ ಇಟ್ಟರೆ, ಅದು ನೇರವಾಗಿ ಋಣದ ಲೆಕ್ಕಕ್ಕೆ ಜಮಾ. ಹಾಲು, ತರಕಾರಿಯನ್ನಾದರೂ ಆ ಊರಿನ ಅಂಗಡಿಯಲ್ಲೇ ಕೊಳ್ಳೋಣ.

ಐದನೆಯದು ಮನೆ ಹಿಡಿಯುವವರಿಗಲ್ಲ, ಕೊಳ್ಳುವವರಿಗೆ. ಪೂಜೆ ಮುಗಿದು ಪ್ರಸಾದ ತಿನ್ನುವಾಗ ಈಚೀಚೆಗೆ ನಮ್ಮವರ ಬಾಯಲ್ಲಿ ಕೇಳುವ ಮಾತು: "ಮೌಂಟನ್‌ನಲ್ಲಿ ಒಂದು ಪ್ರಾಪರ್ಟಿ ತಗೊಂಡು ಬಾಡಿಗೆಗೆ ಬಿಟ್ಟರೆ ಮಾರ್ಟ್‌ಗೇಜ್ ತಾನಾಗೇ ತೀರುತ್ತೆ." ದುಡಿದ ಹಣವನ್ನು ಬೆಳೆಸುವುದು ಗೃಹಸ್ಥನಿಗೆ ದೋಷವಲ್ಲ. ಆದರೆ ಲೆಕ್ಕ ಹಾಕುವಾಗ ಇನ್ನೊಂದು ದಾರಿಯೂ ಇದೆಯೆಂದು ತಿಳಿದಿರಲಿ. ವೇಲ್ ಪಟ್ಟಣ 2017ರಿಂದ ಒಂದು ಯೋಜನೆ ನಡೆಸಿದೆ. ಈ ಮನೆಯಲ್ಲಿ ವಾಸಿಸುವವರು ಈಗಲ್ ಕೌಂಟಿಯಲ್ಲಿ ವಾರಕ್ಕೆ ಕನಿಷ್ಠ 30 ಗಂಟೆ ದುಡಿಯುವವರೇ ಆಗಿರಬೇಕೆಂದು ಮನೆಯ ಪತ್ರದಲ್ಲೇ ಬರೆದುಕೊಡುವ ಒಡೆಯರಿಗೆ ಪಟ್ಟಣವೇ ಹಣ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಟ್ರಕೀ ಪಟ್ಟಣ 2020ರಲ್ಲಿ, ಸ್ಥಳೀಯ ಕೆಲಸಗಾರರಿಗೆ ದೀರ್ಘಾವಧಿಗೆ ಮನೆ ಕೊಡುವ ಒಡೆಯರಿಗೆ ಪ್ರೋತ್ಸಾಹಧನ ಕೊಡಲು ಶುರುಮಾಡಿತು. ಲಾಭ ಸ್ವಲ್ಪ ಕಡಿಮೆಯಾಗಬಹುದು. ಆದರೆ ಒಂದು ಸಂಸಾರಕ್ಕೆ ಸೂರು ಕೊಟ್ಟು ಬರುವ ಬಾಡಿಗೆ, ಮನುಷ್ಯಋಣ ತೀರಿಸುತ್ತಲೇ ಬರುವ ಆದಾಯ. ಅಂಥದ್ದು ಎಷ್ಟು ವ್ಯವಹಾರಗಳಲ್ಲಿ ಸಿಗುತ್ತದೆ?

ಕೊನೆಯದಾಗಿ ಒಂದು ಕಹಿ ಮಾತು. ಸ್ಕೀ ಊರಿನವರ ಕಷ್ಟಕ್ಕೆ ಮರುಗುವುದು ಸುಲಭ, ಅದು ನೂರು ಮೈಲಿ ದೂರದ್ದು. ನಮ್ಮದೇ ಬಡಾವಣೆಯ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಬರುತ್ತದೆಂಬ ನೋಟಿಸು ಬಂದಾಗ ನಾವೇನು ಮಾಡುತ್ತೇವೆ? "ಟ್ರಾಫಿಕ್ ಜಾಸ್ತಿ ಆಗುತ್ತೆ, ಸ್ಕೂಲ್ ರೇಟಿಂಗ್ ಬೀಳುತ್ತೆ" ಎಂದು ಅರ್ಜಿಗೆ ಸಹಿ ಹಾಕುವವರಲ್ಲಿ ನಮ್ಮ ಹೆಸರುಗಳೂ ಇರುತ್ತವೆ. ನಮ್ಮ ಮಕ್ಕಳ ಡೇಕೇರಿನ ಆಯಾ, ನಮ್ಮ ತಂದೆತಾಯಿಗೆ ಆಸರೆಯಾಗುವ ನರ್ಸ್ ಎಲ್ಲಿಂದ ಬರುತ್ತಾರೆ, ಎಷ್ಟು ದೂರದಿಂದ ಬರುತ್ತಾರೆ ಎಂದು ಆಗ ಕೇಳಿಕೊಳ್ಳುವುದಿಲ್ಲ. 2024ರ ಡಿಸೆಂಬರ್ 27ರಂದು ಯೂಟಾದ ಪಾರ್ಕ್ ಸಿಟಿಯಲ್ಲಿ ಸ್ಕೀ ಪೆಟ್ರೋಲ್‌ನವರು ಮುಷ್ಕರ ಹೂಡಿದರು. ಗಂಟೆಗೆ 21 ಡಾಲರ್ ಇದ್ದ ಆರಂಭದ ಸಂಬಳವನ್ನು 23 ಮಾಡಿ ಎಂಬುದು ಅವರ ಮುಖ್ಯ ಬೇಡಿಕೆ. ಜನವರಿ 8ರವರೆಗೂ, ರಜೆಯ ನಡುವೆಯೇ, ಗುಡ್ಡದ ಬಹುಭಾಗ ಮುಚ್ಚಿ ಪ್ರವಾಸಿಗರು ಉದ್ದುದ್ದ ಸಾಲಿನಲ್ಲಿ ಕಾದರು. ಆ ಊರು ಯಾರ ಹೆಗಲ ಮೇಲೆ ನಿಂತಿದೆ ಎಂಬುದು ಅಷ್ಟು ದಿನ ಎಲ್ಲರ ಕಣ್ಣಿಗೂ ಕಂಡಿತು. ಉಳಿದ ದಿನಗಳಲ್ಲೂ ಅದು ಕಾಣುವಂತೆ ಕಣ್ಣು ತೆರೆದಿಟ್ಟುಕೊಳ್ಳುವುದೇ ವಿವೇಕ.

ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಉಂಡು ಮಲಗಿದ ಮನೆಯ ಋಣ ಮರೆಯಬಾರದು ಎಂಬುದೇ ಅದರ ತಿರುಳು. ಈ ಚಳಿಗಾಲವೂ ನಾವು ಹೋಗುತ್ತೇವೆ, ಮಕ್ಕಳು ಹಿಮದಲ್ಲಿ ಬಿದ್ದು ಎದ್ದು ನಗುತ್ತಾರೆ, ಕುಕ್ಕರ್ ಕೂಗುತ್ತದೆ. ಅದೆಲ್ಲ ಇರಲಿ. ಆದರೆ ಬುಕ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ಮನೆಯಲ್ಲಿ ನಾವಿಲ್ಲದಿದ್ದರೆ ಯಾರಿರುತ್ತಿದ್ದರು? "ಯಾರೂ ಇಲ್ಲ" ಎಂಬುದು ಉತ್ತರವಾದರೆ ಸಂತೋಷವಾಗಿ ಹೋಗೋಣ. "ಯಾರೋ ಇರುತ್ತಿದ್ದರು" ಎಂದಾದರೆ ಪಕ್ಕದ ಇನ್ನೊಂದು ಫೋಟೋ ನೋಡೋಣ. ಮಕ್ಕಳೂ ಪಕ್ಕದಲ್ಲಿ ಕೂತು ಈ ಹುಡುಕಾಟ ನೋಡಲಿ. ಅವರ ಸ್ಕೀ ಪಾಠ ಆರಂಭವಾಗಬೇಕಾದ್ದು ಅಲ್ಲಿಂದಲೇ.